ಲಸಿಕೆಯ ನಂತರದ ಅರ್ಧ ಗಂಟೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಲ್ಲಿ ಕೋವಿಡ್ ಲಸಿಕಾ ಅಭಿಯಾನ ಮತ್ತು ವಯಸ್ಕರ ಮನಸ್ಸು

ಭಾರತದ ಕೋವಿಡ್ ಲಸಿಕಾ ಅಭಿಯಾನ 2021ರ ಜನವರಿ 16ರಂದು ಆರಂಭವಾಗಿ, ಅದೇ ವರ್ಷದ ಅಕ್ಟೋಬರ್ 21ಕ್ಕೆ ನೂರು ಕೋಟಿ ಡೋಸ್ ಮುಟ್ಟಿತು. ಈ ಅವಧಿಯಲ್ಲಿ ಆರೋಗ್ಯ ಇಲಾಖೆ ಲೆಕ್ಕ ಇಡದ ವಸ್ತು ಕಡಿಮೆ. ಬಂದ ವಯಲ್ ಎಷ್ಟು, ಪೋಲಾದ ಡೋಸ್ ಎಷ್ಟು, ಎರಡನೇ ಡೋಸ್‌ಗೆ ಬಾರದವರು ಯಾರು, ಲಸಿಕೆಯ ನಂತರ ಅಡ್ಡ ಪರಿಣಾಮ ಕಂಡವರು ಎಷ್ಟು ಮಂದಿ ಎಂಬುದೆಲ್ಲ ಸಂಜೆಯೊಳಗೆ ಜಿಲ್ಲಾ ಕೇಂದ್ರ ತಲುಪುತ್ತಿತ್ತು. ತೋಳು ಚಾಚಿದವರ ಮನಸ್ಸಿನಲ್ಲಿ ಏನಿತ್ತೆಂದು ಬರೆದುಕೊಳ್ಳಲು ಮಾತ್ರ ಯಾವ ನಮೂನೆಯಲ್ಲೂ ಜಾಗವಿರಲಿಲ್ಲ. ಆ ಕೊರತೆಯನ್ನು ಚಿತ್ರದುರ್ಗ ಜಿಲ್ಲೆಯ ಉಳ್ಳಾರ್ತಿ ಕಾವಲ್ ಸುತ್ತಲಿನ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯನ್ನು ಇಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ. ಲಸಿಕೆಯ ಸುತ್ತ ಹುಟ್ಟಿದ ಭಯವನ್ನು ಅಜ್ಞಾನವೆಂದು ತಳ್ಳಿಹಾಕಿದ್ದರಿಂದಲೇ ಅದು ಅಭಿಯಾನ ಮುಗಿದ ಮೇಲೂ ಉಳಿಯಿತು ಎಂಬುದು ನನ್ನ ವಾದ.

ಮೊದಲು ನೆಲದ ವಿಚಾರ. ಉಳ್ಳಾರ್ತಿ ಕಾವಲ್ ಮೈಸೂರು ಅರಸರ ಕಾಲದ ಅಮೃತಮಹಲ್ ಹುಲ್ಲುಗಾವಲುಗಳ ಸಾಲಿಗೆ ಸೇರಿದ್ದು. ಕುರಿ, ದನ, ಕಂಬಳಿ ನೇಯ್ಗೆ, ಶೇಂಗಾ ಬೇಸಾಯಗಳನ್ನು ನೆಚ್ಚಿದ ಹಳ್ಳಿಗಳಿಗೆ ಈ ಕಾವಲುಗಳೇ ಬರಗಾಲದ ಆಸರೆ. 2009ರಿಂದೀಚೆಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಉಳ್ಳಾರ್ತಿಯ ಪಾಲು ಅಣು ಸಂಶೋಧನಾ ಕೇಂದ್ರಕ್ಕೆ ಹೋಯಿತು. ಹಳ್ಳಿಗರಲ್ಲಿ ಬಹುಪಾಲು ಜನಕ್ಕೆ ಸುದ್ದಿ ತಿಳಿದದ್ದು ಹಂಚಿಕೆಯಾದ ಮೇಲೆ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಭೂಮಿ ಹಂಚಿಕೆಗೂ ಲಸಿಕೆಗೂ ನೇರ ಗಂಟು ಹಾಕಿದರೆ ಅತಿಯಾದೀತು. ಆದರೆ ತಮ್ಮನ್ನು ಕೇಳದೆ ತಮ್ಮ ಮೇಯುನೆಲದ ತೀರ್ಮಾನ ಮಾಡಿದ ಸರ್ಕಾರವೇ ಹತ್ತು ವರ್ಷದ ನಂತರ ಬಾಗಿಲಿಗೆ ಬಂದು ‘ನಂಬಿ, ನಿಮ್ಮ ಒಳ್ಳೆಯದಕ್ಕೇ’ ಎಂದಾಗ ಜನ ಒಂದು ಗಳಿಗೆ ತಡೆದು ಯೋಚಿಸಿದ್ದರೆ, ಅದಕ್ಕೆ ಮೌಢ್ಯ ಎಂಬ ಹೆಸರು ಹೊಂದುವುದಿಲ್ಲ.

ಆತಂಕ ಎಲ್ಲ ತಿಂಗಳೂ ಒಂದೇ ಬಗೆಯದಾಗಿರಲಿಲ್ಲ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಇದ್ದದ್ದು ಲಸಿಕೆ ಸಿಗದ ಆತಂಕ. ಏಪ್ರಿಲ್ 27ರಿಂದ ರಾಜ್ಯದಲ್ಲಿ ಕರ್ಫ್ಯೂ, ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ದುರಂತ, ಟಿ.ವಿ.ಯಲ್ಲಿ ದಿನವಿಡೀ ಅದೇ ದೃಶ್ಯ. 18ರಿಂದ 44 ವರ್ಷದವರಿಗೆ ಮೇ 10ರಂದು ಶುರುವಾದ ಲಸಿಕೆ, ದಾಸ್ತಾನು ಸಾಲದೆ ಮೇ 14ಕ್ಕೆ ನಿಂತಿತು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರ ಮಾರ್ಚ್‌ನಲ್ಲಿ 6–8 ವಾರವಾಯಿತು, ಮೇ ತಿಂಗಳಲ್ಲಿ 12–16 ವಾರಕ್ಕೆ ಏರಿತು. ಇದಕ್ಕೆ ವೈಜ್ಞಾನಿಕ ಕಾರಣಗಳಿದ್ದವು. ಕೇಳುವವರ ಕಿವಿಗೆ ಬಿದ್ದದ್ದು ಮಾತ್ರ ‘ಇವರಿಗೇ ಗೊತ್ತಿಲ್ಲ’ ಎಂಬ ಅರ್ಥ. ನೋಂದಣಿಯ ಕೋವಿನ್ ಪೋರ್ಟಲ್‌ನಲ್ಲಿ ಕನ್ನಡ ಬಂದದ್ದು ಜೂನ್ ತಿಂಗಳಲ್ಲಿ. ಬೆಂಗಳೂರಿನ ಕಟ್ಟಡ ಕೆಲಸ, ಗಾರ್ಮೆಂಟ್ಸ್ ಬಿಟ್ಟು ಊರಿಗೆ ಮರಳಿದ ಹುಡುಗರು ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಸ್ಲಾಟ್‌ಗೆ ಕಾದರೂ, ಮೊಬೈಲೇ ಇಲ್ಲದ ಅವರ ತಂದೆ ತಾಯಿಗೆ ಆ ಹಾದಿಯೂ ಇರಲಿಲ್ಲ. ಕಾಯುವಿಕೆ ಮುಗಿದರೆ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ಆಧಾರವಿದೆ: ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಒಂದೇ ಗುಂಪಿನ ವಯಸ್ಕರನ್ನು ಮತ್ತೆ ಮತ್ತೆ ಪ್ರಶ್ನಿಸಿ ನಡೆಸಿದ ಸಮೀಕ್ಷೆಯಲ್ಲಿ, ಮೊದಲ ಡೋಸ್ ಪಡೆದವರ ಮಾನಸಿಕ ಸಂಕಟ ಇಳಿದದ್ದು ಕಂಡುಬಂತು. ಲಸಿಕೆ ಸ್ವತಃ ಮನಸ್ಸಿಗೆ ಮದ್ದಾಗಬಲ್ಲದು. ಆದರೆ ಆ ನೆಮ್ಮದಿ ಲಸಿಕೆಯನ್ನು ನಂಬಿ ಕಾದವರಿಗೆ ಸೇರಿದ್ದು.

ಜೂನ್ 21ರಿಂದ ಕೇಂದ್ರ ಸರ್ಕಾರವೇ ಎಲ್ಲ ವಯಸ್ಕರಿಗೂ ಉಚಿತ ಲಸಿಕೆ ಪೂರೈಸತೊಡಗಿತು, ಲಸಿಕೆ ಹಳ್ಳಿಯ ಶಾಲೆಯವರೆಗೆ ಬಂತು. ಆಗ ಆತಂಕ ಮಗ್ಗುಲು ಬದಲಿಸಿತು. ಲಸಿಕೆ ಪಡೆದವರು ಎರಡು ವರ್ಷದಲ್ಲಿ ಸಾಯುತ್ತಾರೆಂದು ಫ್ರಾನ್ಸ್‌ನ ನೊಬೆಲ್ ವಿಜ್ಞಾನಿ ಲುಕ್ ಮೊಂತಾನ್ಯೆ ಹೇಳಿದರೆಂಬ ಸುಳ್ಳು ಸಂದೇಶ ಮೇ ತಿಂಗಳಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತ್ತು. ತಮಿಳು ನಟ ವಿವೇಕ್ ಲಸಿಕೆ ಪಡೆದ ಎರಡೇ ದಿನಕ್ಕೆ, ಏಪ್ರಿಲ್ 17ರಂದು, ತೀರಿಕೊಂಡದ್ದು ಎಲ್ಲರಿಗೂ ನೆನಪಿತ್ತು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂಬ ತಜ್ಞರ ವರದಿ ಬಂದದ್ದು ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ವದಂತಿ ಊರೆಲ್ಲ ಸುತ್ತಿ ಬಂದಿತ್ತು.

ಹಿಂಜರಿಕೆಗೆ ವದಂತಿಗಿಂತ ಗಟ್ಟಿಯಾದ ಇನ್ನೊಂದು ಕಾರಣವಿತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಜೂನ್–ಜುಲೈ ಇಲ್ಲಿ ಶೇಂಗಾ ಬಿತ್ತನೆಯ ಕಾಲ. ಒಂದು ಹದ ಮಳೆ ಬಿದ್ದರೆ ನೆಲದ ತೇವ ಇರುವುದೇ ಎರಡು ಮೂರು ದಿನ. ಲಸಿಕೆಯ ನಂತರದ ಜ್ವರ, ಮೈಕೈ ನೋವು ಇರುವುದೂ ಅಷ್ಟೇ ದಿನ. ‘ಜ್ವರ ಬಂದು ಮಲಿಕ್ಕಂಡ್ರೆ ಬಿತ್ತೋರ್ಯಾರು?’ ಎಂಬ ಮಾತಿಗೆ ಡೋಲೊ ಮಾತ್ರೆಯ ಪಟ್ಟಿ ಉತ್ತರವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಲಸಿಕೆಯ ಹಿಂಜರಿಕೆಗೆ ಮೂರು ಬೇರುಗಳನ್ನು ಹೇಳುತ್ತದೆ: ನಂಬಿಕೆ, ಉದಾಸೀನ, ಅನುಕೂಲ. ಬಿತ್ತನೆಯ ಲೆಕ್ಕ ಮೂರನೆಯದಕ್ಕೆ ಸೇರಿದ್ದು, ನಮ್ಮ ಪ್ರಚಾರ ಮೊದಲ ಎರಡರ ಮೇಲೆಯೇ ಜೋರು ಮಾಡಿತು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ನೇಕಾರರಿಗೂ ಇದೇ ಲೆಕ್ಕ. ಲಾಕ್‌ಡೌನ್‌ನಲ್ಲಿ ನಿಂತ ಮಗ್ಗ ಮತ್ತೆ ಆಡತೊಡಗಿದಾಗ ತೋಳು ನೋವಿಗೆ ಬಿಡುವು ಕೊಡುವ ಶಕ್ತಿ ಎಷ್ಟು ಮನೆಗಳಲ್ಲಿತ್ತು?

ಲಸಿಕಾ ಕೊಠಡಿಯ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೋವಿಶೀಲ್ಡ್‌ನ ಒಂದು ವಯಲ್‌ನಲ್ಲಿ 10 ಡೋಸ್, ಒಬ್ಬರಿಗೆ ಅರ್ಧ ಮಿಲಿಲೀಟರ್. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಪೋಲಾದರೆ ಮೇಲಿನವರಿಗೆ ಸಮಜಾಯಿಷಿ ಕೊಡಬೇಕು. ಹೀಗಾಗಿ ಏಳು ಜನ ಬಂದು ಬೆಂಚಿನ ಮೇಲೆ ಕೂತರೆ, ಉಳಿದ ಮೂವರಿಗಾಗಿ ಆಶಾ ಕಾರ್ಯಕರ್ತೆ ಬೀದಿ ಸುತ್ತಬೇಕು. ಧೈರ್ಯ ತಂದುಕೊಂಡು ಬಂದವರು ಹಾಗೆ ಕಾಯುವಾಗ ಕೂತಲ್ಲೇ ಧೈರ್ಯ ಕಳೆದುಕೊಂಡು ಎದ್ದು ಹೋಗುವುದು ಸಹಜ. ಕರೆತಂದ ಮೂವರಿಗೆ ಪ್ರಶ್ನೆ ಕೇಳಲು ಸಮಯವಿಲ್ಲ. ಆಧಾರ್ ಸಂಖ್ಯೆ, ಒಟಿಪಿ, ಸೂಜಿ, ಮುಗಿಯಿತು. ಬೈಗುಳ ತಿನ್ನುವವಳೂ, ನಾಳೆ ಯಾರಿಗಾದರೂ ಏನಾದರೂ ಆದರೆ ಊರಿಗೆ ಮುಖ ತೋರಿಸಬೇಕಾದವಳೂ ಅದೇ ಆಶಾ. ಗೌರವಧನದ ಹೆಚ್ಚಳಕ್ಕೆ 2020ರ ಜುಲೈನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದ ಈ ಹೆಣ್ಣುಮಕ್ಕಳ ಮಾನಸಿಕ ಹೊರೆ ಅಭಿಯಾನದ ಯಾವ ಕೋಷ್ಟಕದಲ್ಲೂ ಇಲ್ಲ.

ರೋಗದ ಭಯವನ್ನು ಈ ಸೀಮೆ ಹಿಂದಿನಿಂದಲೂ ಒಟ್ಟಾಗಿ ಹೊತ್ತಿದೆ. ಗೌರಸಮುದ್ರ ಮಾರಮ್ಮನ ಜಾತ್ರೆ, ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಉಳಿಯುವ ಹೊರಬೀಡು ಇವೆಲ್ಲ ಭಯವನ್ನು ಹತ್ತು ಜನರ ನಡುವೆ ಹಂಚುವ ಏರ್ಪಾಡುಗಳು. ಅವು ರೋಗ ತಡೆಯುತ್ತವೆಂದು ನಾನು ಹೇಳುತ್ತಿಲ್ಲ, ಲಸಿಕೆಯೇ ತಡೆಯುವುದು. ಆದರೆ ಲಸಿಕೆ ಬಂದದ್ದು ಒಂಟಿ ಹೆಸರುಗಳ ಪಟ್ಟಿಯಾಗಿ, ಅದೂ ಜಾತ್ರೆ, ಕೂಟಗಳಿಗೆ ನಿರ್ಬಂಧವಿದ್ದ ಕಾಲದಲ್ಲಿ. ಊರು ಕೂಡಿ ಮಾತಾಡಿ ತೀರ್ಮಾನಿಸಬೇಕಾದ್ದನ್ನು ಒಬ್ಬೊಬ್ಬರೇ ರಾತ್ರಿ ಮಲಗಿ ಯೋಚಿಸಬೇಕಾಯಿತು. ಒತ್ತಾಯ ಇದನ್ನು ಇನ್ನಷ್ಟು ಕೆಡಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಚಾಮರಾಜನಗರದಲ್ಲಿ ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಮಾತು ಬಂದು ವಿವಾದವಾದದ್ದು ರಾಜ್ಯಕ್ಕೆಲ್ಲ ತಿಳಿದಿದೆ. ಅಕ್ಕಿಯ ಭಯದಿಂದ ಸೂಜಿಯ ಭಯವನ್ನು ಹೊಡೆಯಲು ಹೋದರೆ ಡೋಸ್ ಸಂಖ್ಯೆ ಏರುತ್ತದೆ, ನಂಬಿಕೆ ಇಳಿಯುತ್ತದೆ.

ವಿಪರ್ಯಾಸವೆಂದರೆ, ಗ್ರಾಮೀಣ ಮಾನಸಿಕ ಆರೋಗ್ಯದ ಪಾಠವನ್ನು ದೇಶ ಕಲಿತದ್ದು ಮೊಳಕಾಲ್ಮುರಿನ ನೆರೆಯಲ್ಲೇ. ನಿಮ್ಹಾನ್ಸ್ 1980ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಕಟ್ಟಿದ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅದಕ್ಕೂ ಮೊದಲು ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಸಾಮಾಜಿಕ ಬದಲಾವಣೆಯನ್ನೂ ಮನೋವ್ಯಾಧಿಯನ್ನೂ ಜೊತೆಗಿಟ್ಟು ಅಧ್ಯಯನ ಮಾಡಿದ್ದರು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ರಾಜ್ಯದಲ್ಲಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇದೆಯೆಂದೂ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗಿದ್ದಾರೆಂದೂ ಹೇಳಿತ್ತು. ಅಂಥವರಲ್ಲಿ ಹಲವರು 2021ರಲ್ಲಿ ಸರ್ಕಾರದ ಮುಂದೆ ಬಂದು, ನಿಯಮದಂತೆ ಅರ್ಧ ಗಂಟೆ ನಿಗಾ ಕೊಠಡಿಯಲ್ಲಿ ಕೂತು ಹೋದರು. ನಿದ್ದೆ ಬರುತ್ತಿದೆಯೇ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲವೇ, ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡಿರೇ ಎಂದು ಆ ಅರ್ಧ ಗಂಟೆಯಲ್ಲಿ ಕೇಳಬಹುದಿತ್ತು. ಲಸಿಕೆಯ ಭಯದಿಂದಲೇ ತಲೆ ಸುತ್ತಿ, ಎದೆ ಬಡಿದುಕೊಂಡು ಕುಸಿಯುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಪ್ರತ್ಯೇಕ ವರ್ಗವನ್ನೇ ಗುರುತಿಸಿದೆ. ಅದನ್ನು ತಡೆಯಲೂ ಇಂಥ ಮಾತುಕತೆಯೇ ಬೇಕು.

ಕೇಳದೆ ಬಿಟ್ಟ ಭಯ ಕರಗಿ ಹೋಗಲಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬೆನ್ನಲ್ಲೇ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2023ರಲ್ಲಿ ಐಸಿಎಂಆರ್ ತನ್ನ ಅಧ್ಯಯನದಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವಿನ ಅಪಾಯವನ್ನು ಲಸಿಕೆ ಹೆಚ್ಚಿಸಿಲ್ಲ ಎಂದು ತಿಳಿಸಿತು. 2024ರಲ್ಲಿ ಅಪರೂಪದ ರಕ್ತ ಹೆಪ್ಪುಗಟ್ಟುವಿಕೆಯ ಬಗ್ಗೆ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ ಹಳೆಯ ಭಯವನ್ನು ಕೆದಕಿತು. 2025ರಲ್ಲಿ ಹಾಸನದ ಹೃದಯಾಘಾತಗಳ ಚರ್ಚೆಯಲ್ಲಿ ಮುಖ್ಯಮಂತ್ರಿಗಳೇ ಲಸಿಕೆಯತ್ತ ಬೆರಳು ತೋರಿದರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅಂಥ ಸಂಬಂಧ ಕಂಡುಬಂದಿಲ್ಲವೆಂದು ವರದಿ ಕೊಟ್ಟರೂ ಆಸ್ಪತ್ರೆಗಳ ಮುಂದಿನ ಸರದಿ ಒಮ್ಮೆಲೇ ಕರಗಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಸೂಜಿಯನ್ನು ನೆನೆದು ಎದೆ ಮುಟ್ಟಿ ನೋಡಿಕೊಳ್ಳುವ ಈ ಸ್ಥಿತಿಯನ್ನು ಹೃದ್ರೋಗ ವಿಭಾಗವೊಂದೇ ವಾಸಿ ಮಾಡಲಾರದು.

ಮುಂದಿನ ಸಲ ವಯಸ್ಕರ ಲಸಿಕೆಗೆ ಕ್ರಿಯಾಯೋಜನೆ ಬರೆಯುವ ತಾಲ್ಲೂಕು ಆರೋಗ್ಯಾಧಿಕಾರಿಗಳಲ್ಲಿ ಮೂರು ಕೋರಿಕೆ. ಬಿತ್ತನೆಯ ಹದ ನೋಡಿ ದಿನ ಗೊತ್ತು ಮಾಡಿ, ಜ್ವರದ ದಿನಗಳ ಕೂಲಿ ನಷ್ಟಕ್ಕೆ ಏನಾದರೂ ತುಂಬಿಕೊಡಿ, ನಿಗಾ ಕೊಠಡಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಿ. ಅರ್ಧ ಗಂಟೆ ಕಾಯುವ ನಿಯಮ ಹೇಗೂ ಇದ್ದೇ ಇದೆ.