ತಾಯಿ ಮರಳಿದರು, ಮಗ ಮಕ್ಕಾದಲ್ಲೇ ಉಳಿದರು

ಹಿಜ್ರಿ 210ರಲ್ಲಿ ಬುಖಾರಾದ ವಿಧವೆ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳೊಂದಿಗೆ ಹಜ್ಜ್‌ಗೆ ಬಂದಿದ್ದರು. ಹಜ್ಜ್ ಮುಗಿಸಿ ಒಬ್ಬ ಮಗನೊಂದಿಗೆ ಅವರು ಊರಿಗೆ ಮರಳಿದರು. ಇನ್ನೊಬ್ಬರು ಹದೀಸ್ ಕಲಿಯಲು ಮಕ್ಕಾದಲ್ಲೇ ಉಳಿದರು. ಹದಿನಾರರ ಆ ತರುಣನೇ ಮುಂದೆ ಇಮಾಮ್ ಬುಖಾರಿ(ರ) ಎಂದು ಲೋಕಪ್ರಸಿದ್ಧರಾದರು.

ನಾವು ಸಾಮಾನ್ಯವಾಗಿ ಮಗನ ಸ್ಮರಣಶಕ್ತಿಯನ್ನು ಕೊಂಡಾಡುತ್ತೇವೆ. ತಾಯಿಯ ಕಡೆಗೆ ನಮ್ಮ ದೃಷ್ಟಿ ಹರಿಯುವುದು ವಿರಳ. ತಂದೆಯಿಲ್ಲದ ಮಗುವನ್ನು ಸಾಕಿ, ತಿಂಗಳುಗಟ್ಟಲೆ ದಾರಿ ಸವೆಸಿ ಕರೆತಂದ ಆಕೆ, ಯಾವ ಗುರುವಿನಲ್ಲಿ ಏನು ಕಲಿಯಬೇಕೆಂಬ ನಿರ್ಧಾರವನ್ನು ಅವನಿಗೇ ಬಿಟ್ಟು ಹೊರಟರು. ಇದು ಒಂದೇ ದಿನದಲ್ಲಿ ಹುಟ್ಟಿದ ಭರವಸೆಯಲ್ಲ. ಸುಮಾರು ಹನ್ನೊಂದರ ವಯಸ್ಸಿನಲ್ಲೇ ಆ ಬಾಲಕ, ಗುರುಗಳು ಹೇಳಿದ ಸನದಿನಲ್ಲಿ ತಪ್ಪಿದೆಯೆಂದಿದ್ದರು. ಗುರುಗಳು ಮೊದಲು ಗದರಿದರು, ಬಳಿಕ ಒಳಗೆ ಹೋಗಿ ಮೂಲಪ್ರತಿಯನ್ನು ನೋಡಿ ತಿದ್ದಿಕೊಂಡರು. ಅಂತಹ ಗುರು ದೊರೆತುದೂ ಅಲ್ಲಾಹನ ಅನುಗ್ರಹವೇ.

ನಮ್ಮ ಬ್ಯಾರಿ ಕುಟುಂಬಗಳು ಅನುಸರಿಸುವ ಮದ್‌ಹಬ್‌ನ ಇಮಾಮ್ ಶಾಫಿಈ(ರ) ಅವರ ತಾಯಿಯಲ್ಲಿ ಗುರುವಿಗೆ ಕೊಡಲು ಹಣವೇ ಇರಲಿಲ್ಲ. ಗುರುವಿಲ್ಲದ ವೇಳೆ ಬಾಲಕನೇ ಇತರ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಶುಲ್ಕ ತಪ್ಪಿತು. ಬರೆಯಲು ಎಲುಬುಗಳೇ ಗತಿ. ಆದರೂ ಇಮಾಮ್ ಮಾಲಿಕ್(ರ) ಅವರನ್ನು ಕಾಣಲು ಮದೀನಾಕ್ಕೆ ಹೋಗುವ ಮುನ್ನವೇ ಅವರು ಮುವತ್ತಾ ಗ್ರಂಥವನ್ನು ಕಂಠಪಾಠ ಮಾಡಿದ್ದರು.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ನಮ್ಮ ಸಮೀಪದಲ್ಲೇ ಇದೆ. 1936ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್, ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಮೊದಮೊದಲ ಮುಸ್ಲಿಮ್ ಹೆಣ್ಣುಮಕ್ಕಳಲ್ಲಿ ಒಬ್ಬರು. ಶಾಲೆ ಮುಗಿದೊಡನೆ ಮದುವೆಯಾಯಿತು. ಉನ್ನತ ವ್ಯಾಸಂಗದ ಹಂಬಲವಿದ್ದರೂ ಅವರಿಗೆ ಗ್ರಂಥಾಲಯದ ಸದಸ್ಯತ್ವ ದೊರೆತುದು 1963ರಲ್ಲಿ. ಮೊದಲ ಕಾದಂಬರಿ ಬಂದುದು ಎಂಬತ್ತರ ದಶಕದಲ್ಲಿ. ಅವರ ಬರಹಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಅದು ಬೇರೆ ಚರ್ಚೆ. ಕಲಿಯುವ ಇಚ್ಛೆ ಅವರಲ್ಲಿ ಮೊದಲೇ ಇತ್ತು. ತಡವಾದುದು ಸಮಾಜದ ಒಪ್ಪಿಗೆ.

ಗೋಣಿಬೀಡಿನಂತಹ ಕಾಫಿ ಸೀಮೆಯಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ಹೆತ್ತವರಿಗೆ ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯಿದೆ. ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಬಹುದು. ಎಲ್ಲ ವಿಷಯಗಳನ್ನೂ ಒಟ್ಟಿಗೆ ಬರೆಯಬೇಕಾಗಿಲ್ಲ, ಐದು ವರ್ಷಗಳ ಅವಧಿಯಿದೆ. ಯಾವ ವಿಷಯಗಳನ್ನು ಆರಿಸಬೇಕು, ಯಾವುದನ್ನು ಮೊದಲು ಬರೆಯಬೇಕು ಎಂಬುದು ಮಗಳು ಸ್ವತಃ ಕುಳಿತು ಯೋಚಿಸಬಹುದಾದ ಸಂಗತಿ. ಅರ್ಜಿಯ ಆ ಪುಟವನ್ನಾದರೂ ಅವಳ ಕೈಯಲ್ಲೇ ತುಂಬಿಸಿರಿ.