ಊರು ತೊರೆದವರನ್ನು ಕಾಡುವ ಶಿಲೆಗಳು

ತುಮಕೂರು, ಗುಬ್ಬಿ, ಕುಣಿಗಲ್ಲು ಸೀಮೆಯ ಶ್ರಾವಕ ಮನೆತನಗಳಿಂದ ಉದ್ಯೋಗಾರ್ಥವಾಗಿ ಪರದೇಶಕ್ಕೆ ತೆರಳಿದವರಿಗೆ ಜಿನದರ್ಶನದ ಕೊರತೆಯೇನೂ ಇಲ್ಲ. ಆಚಾರ್ಯ ಸುಶೀಲಕುಮಾರರು ಅಮೆರಿಕದ ನ್ಯೂಜೆರ್ಸಿಯಲ್ಲಿ 1983ರಲ್ಲಿ ಸಿದ್ಧಾಚಲಂ ಕ್ಷೇತ್ರವನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಲೆಸ್ಟರ್ ನಗರದ ಮಂದಿರದಲ್ಲಿ 1988ರಲ್ಲಿ ಪ್ರತಿಷ್ಠೆ ನೆರವೇರಿತು. ಆದರೂ ವರ್ಷಗಳು ಕಳೆದಂತೆ ಒಂದು ಕೊರತೆ ಅವರನ್ನು ಬಾಧಿಸತೊಡಗುತ್ತದೆ. ಅಲ್ಲಿಯ ಅಮೃತಶಿಲೆ ನಿರ್ಮಲವಾದುದೇ. ಕಾಲದ ಸವೆತ ಮಾತ್ರ ಅದರ ಮೇಲಿಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹನ್ನೆರಡನೆಯ ಶತಮಾನದ ಹೊಯ್ಸಳ ಬಸದಿಯ ಹೊಸ್ತಿಲನ್ನು ದಾಟುವವನು ಎಂಟುನೂರು ವರ್ಷಗಳ ಶ್ರಾವಕರ ಸಾಲಿನಲ್ಲಿ ತಾನೂ ಒಬ್ಬನಾಗುತ್ತಾನೆ. ಊರಿನಲ್ಲಿದ್ದಾಗ ಮೈದಾಳದ ಕೆರೆಯ ಬಳಿಯ ಮಂದರಗಿರಿಯನ್ನು ಹತ್ತಲು ಬಿಡುವಿಲ್ಲದಿದ್ದವನೂ (ಅಂಗಡಿಯ ಲೆಕ್ಕ ಮುಗಿಯುವುದು ಯಾವಾಗ, ಬೆಟ್ಟ ಹತ್ತುವುದು ಯಾವಾಗ!) ದೂರ ಹೋದ ಮೇಲೆ ಅದನ್ನೇ ನೆನೆಯುತ್ತಾನೆ.

ಇಂಥ ನೆನಪು ದುಡಿಮೆಯಾದುದಕ್ಕೆ ಬಿ. ಎಲ್. ರೈಸ್ ಅವರ ಜೀವನ ಸಾಕ್ಷಿ. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಶ್ರವಣಬೆಳ್ಗೊಳದ ಶಾಸನಗಳನ್ನು 1889ರಲ್ಲಿಯೂ, ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿಯೂ ಪ್ರಕಟಿಸಿದರು. ಸೇವೆ ಮುಗಿಸಿ ಇಂಗ್ಲೆಂಡಿಗೆ ತೆರಳಿದ ಮೇಲೆಯೂ ಸುಮ್ಮನಿರಲಿಲ್ಲ. ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಶಾಸನಗಳ ಆಧಾರದಿಂದಲೇ ರಚಿಸಿ 1909ರಲ್ಲಿ ಲಂಡನ್ನಿನಿಂದ ಹೊರತಂದರು. ಅವರು ತೀರಿಕೊಂಡದ್ದು 1927ರಲ್ಲಿ, ಹ್ಯಾರೋ ಪಟ್ಟಣದಲ್ಲಿ.

ಆ ಹನ್ನೆರಡನೆಯ ಸಂಪುಟದಲ್ಲಿ ಕೈದಾಳದ ಶಾಸನವಿದೆ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಬಳಿ ಇರುವ ಈ ಗ್ರಾಮದ ಹೆಸರೆತ್ತಿದೊಡನೆ ಊರಿನವರೂ ಪರದೇಶವಾಸಿಗಳೂ ಜಕಣಾಚಾರಿಗೆ ಕೈ ಮರಳಿ ಬಂದ ಕಥೆಯನ್ನು ಹೇಳುತ್ತಾರೆ. ಕಥೆ ಸೊಗಸಾದುದು, ಕಲ್ಲು ಹೇಳುವುದು ಅದಕ್ಕಿಂತ ಹಿರಿದು. ಸುಮಾರು 1150ರಲ್ಲಿ ಸಾಮಂತ ಬಾಚಿಯು ಅಲ್ಲಿ ಶಿವನಿಗೂ ವಿಷ್ಣುವಿಗೂ ಗುಡಿಗಳನ್ನು ಕಟ್ಟಿಸಿದುದಲ್ಲದೆ ಜಿನಾಲಯವನ್ನೂ ಕಟ್ಟಿಸಿದನು. ಮನೆಯ ಹಿರಿಯರು ಮಕ್ಕಳ ಕೈಗೆ ಕಥೆಯನ್ನಷ್ಟೇ ಕೊಟ್ಟು ಕಳುಹಿಸಿದರು, ಶಾಸನವನ್ನು ಕೊಡಲಿಲ್ಲ. ಇದಕ್ಕಿಂತ ದೊಡ್ಡ ಪ್ರಮಾದ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದುಂಟು. ಹೊರನಾಡಿನಿಂದ ಭಕ್ತಿಯಿಂದ ಬಂದ ಹಣವೇ ಹಳೆಯ ಗೋಡೆಗೆ ಬಣ್ಣವಾಗಿ, ನೆಲಕ್ಕೆ ಹೊಳೆಯುವ ಹಾಸಾಗಿ ಅಕ್ಷರಗಳನ್ನು ಮುಚ್ಚಿಬಿಡುತ್ತದೆ. ಯಾವುದಕ್ಕಾಗಿ ಹಂಬಲಿಸಿದರೋ ಅದನ್ನು ಅಳಿಸಲೆಂದೇ ವಂತಿಗೆ ಕೊಟ್ಟಂತಾಗುತ್ತದೆ.

ಊರಿನ ಈ ಹಂಬಲವೂ ಪರಿಗ್ರಹವಲ್ಲವೇ ಎಂದು ಕೇಳುವವರಿದ್ದಾರೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಎಂದರೆ ಮಮತ್ವವೆಂದು, ನಿರೂಪಿಸಿದ್ದಾರೆ. ‘ನಮ್ಮ ಬೆಟ್ಟ, ನಮ್ಮ ಬಸದಿ’ ಎಂಬ ಅಭಿಮಾನಕ್ಕೆ ಆ ಲಕ್ಷಣ ಅನ್ವಯಿಸದೆ ಇರದು. ಆದರೆ ದೇಹದ ಮಮತೆಯನ್ನೂ ತೊರೆದು ಸಲ್ಲೇಖನದಿಂದ ಮುಡಿಪಿದವರಿಗೆ ಪೂರ್ವಿಕರು ನಿಸಿಧಿಗಲ್ಲುಗಳನ್ನು ನಿಲ್ಲಿಸಿದರು. ಹೋದವರಿಗೆ ಆ ಕಲ್ಲು ಬೇಕಿರಲಿಲ್ಲ. ಮುಂದೆ ಬಂದು ಓದುವವರಿಗೆ ಬೇಕಾಗಿತ್ತು.

ರೈಸ್ ಅವರ ಸಂಪುಟದಲ್ಲಿ ಗುಬ್ಬಿ, ಕುಣಿಗಲ್ಲು ತಾಲ್ಲೂಕುಗಳ ಶಾಸನಗಳೂ ಇವೆ. ಮೂಲದೊಡನೆ ಇಂಗ್ಲಿಷ್ ಅನುವಾದವೂ ಉಂಟು. ಪರದೇಶದಲ್ಲಿ ಹುಟ್ಟಿ ಕನ್ನಡ ಅಕ್ಷರ ಕಲಿಯದ ಮೊಮ್ಮಗನೂ ಅದನ್ನು ಓದಿ, ರಜೆಯಲ್ಲಿ ಬಂದಾಗ ಕೈದಾಳದ ಕಲ್ಲು ಯಾವುದೆಂದು ಅಜ್ಜನನ್ನು ಕೇಳಬಹುದು.