ಮಟ್ಟಾಂಚೇರಿಯಲ್ಲಿ ಸಂಜೆಯ ಊಟ

ವ್ಯಾಪಾರದ ನಿಮಿತ್ತವಾಗಿಯೋ ಯಾತ್ರೆಯ ಮಾರ್ಗದಲ್ಲಿಯೋ ಕೊಚ್ಚಿಗೆ ಹೋಗುವ ಶ್ರಾವಕ ಕುಟುಂಬಗಳು ಮೊದಲು ವಿಚಾರಿಸುವುದು ಸಂಜೆಯ ಊಟ ಎಲ್ಲಿ ಎಂಬುದನ್ನು. ಹಳೆಯ ಬಂದರುಪೇಟೆಯಾದ ಮಟ್ಟಾಂಚೇರಿಯಲ್ಲಿ ಇಳಿದುಕೊಂಡವರಿಗೆ ಈ ಪ್ರಶ್ನೆ ಇನ್ನೂ ತೊಡಕಿನದು. ಅಲ್ಲಿ ಊಟದ ಮನೆಗಳಿಗೆ ಬರವಿಲ್ಲ. ಒಂದೊಂದು ಬೀದಿಗೆ ಒಂದೊಂದು ಜನ, ಒಂದೊಂದು ಜನಕ್ಕೆ ಒಂದೊಂದು ಅಡುಗೆ, ಆ ಅಡುಗೆಗೆ ತನ್ನದೇ ಆದ ಕಟ್ಟುಪಾಡು. ನಾನೂರು ವರ್ಷಗಳಿಗೂ ಮಿಕ್ಕಿ ಇಷ್ಟೊಂದು ಕಟ್ಟುಪಾಡಿನ ಜನ ಮಗ್ಗುಲು ಮಗ್ಗುಲಿನಲ್ಲಿ ಹೇಗೆ ಬಾಳಿದರೆಂಬುದನ್ನು ತಿಳಿದರೆ ಊಟದ ಪ್ರಶ್ನೆಗೂ ಅರ್ಥ ಬರುತ್ತದೆ.

ಇವರನ್ನೆಲ್ಲ ಇಲ್ಲಿ ಕೂಡಿಸಿದ್ದು ಕಾಳುಮೆಣಸು. ಪೋರ್ಚುಗೀಸರು 1555ರ ಸುಮಾರಿಗೆ ಕೊಚ್ಚಿಯ ಅರಸನಿಗೆ ಕಟ್ಟಿಸಿಕೊಟ್ಟ ಅರಮನೆ ಇಂದಿಗೂ ಇದೆ. ಅದರ ಮಗ್ಗುಲಲ್ಲೇ ಪರದೇಶಿ ಯಹೂದಿಗಳು 1568ರಲ್ಲಿ ತಮ್ಮ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡರು. ಅರಮನೆಯ ಭಗವತಿ ಗುಡಿಗೂ ಈ ಮಂದಿರಕ್ಕೂ ನಡುವೆ ಇರುವುದು ಒಂದೇ ಗೋಡೆ. ಗೋವೆಯಲ್ಲಿ ಪೋರ್ಚುಗೀಸರ ಕಿರುಕುಳ ತಾಳಲಾರದೆ ಹೊರಟ ಗೌಡ ಸಾರಸ್ವತರು ನಮ್ಮ ಕರಾವಳಿಯಲ್ಲಿ ನೆಲೆಸಿದಂತೆಯೇ ಇಲ್ಲಿಯೂ ನೆಲೆಸಿದರು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಬಂದರನ್ನು ಹಿಡಿದರು. ಕಚ್ಛದ ಮೇಮನ್ ಮುಸಲ್ಮಾನರೂ ಗುಜರಾತಿನ ವರ್ತಕರೂ ಇಲ್ಲಿ ಅಂಗಡಿ ಇಟ್ಟರು. ಆ ವರ್ತಕರಲ್ಲಿದ್ದ ಶ್ವೇತಾಂಬರ ಜೈನರ ಶ್ರದ್ಧೆಯ ಫಲವೇ ಗುಜರಾತಿ ರಸ್ತೆಯ ಧರ್ಮನಾಥ ಸ್ವಾಮಿಯ ದೇವಾಲಯ. ಅದರ ನಿರ್ಮಾಣ 1904ರಲ್ಲಿ.

ಇಂತಹ ಪೇಟೆಯಲ್ಲಿ ಸೂರ್ಯಾಸ್ತವೆಂಬುದು ಎಷ್ಟು ಬಗೆಯ ಗಳಿಗೆಯೆಂದು ಯೋಚಿಸಬೇಕು. ಶ್ರಾವಕನಿಗೆ ಅದು ಊಟ ಮುಗಿದಿರಬೇಕಾದ ಗಳಿಗೆ. ನಿಷ್ಠರು ಅದಕ್ಕೂ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಕೈ ತೊಳೆಯುತ್ತಾರೆ. ರಂಜಾನ್ ಮಾಸದಲ್ಲಿ ಮೇಮನ್ನರ ಮನೆಯಲ್ಲಿ ಅದೇ ಗಳಿಗೆಗೆ ಉಪವಾಸ ಬಿಡುತ್ತಾರೆ. ಶುಕ್ರವಾರವಾದರೆ ಯಹೂದಿಯ ಮನೆಯಲ್ಲಿ ಅಷ್ಟರೊಳಗೆ ಅಡುಗೆ ಮುಗಿದಿರಬೇಕು, ಏಕೆಂದರೆ ಸಬ್ಬತ್ ಹಿಡಿದ ಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಮರುದಿನದ ಊಟವನ್ನೂ ಮೊದಲೇ ಹೊತ್ತಿಸಿಟ್ಟ ಒಲೆಯ ಮೇಲಿರಿಸಿ ಬಿಸಿಯಾಗಿ ಕಾಯ್ದುಕೊಳ್ಳುತ್ತಾರೆ. ಒಬ್ಬನು ಎಲೆ ಮಡಿಸುವ ಹೊತ್ತಿಗೆ ಇನ್ನೊಬ್ಬನು ಎಲೆ ಹಾಕುತ್ತಾನೆ, ಮತ್ತೊಬ್ಬನು ಒಲೆಯಿಂದ ಹಿಂದೆ ಸರಿಯುತ್ತಾನೆ. ಮೂವರೂ ನೋಡುವುದು ಪಡುವಣ ಕಡಲಿಗಿಳಿಯುವ ಒಬ್ಬನೇ ಸೂರ್ಯನನ್ನು.

ಯಹೂದಿಗಳ ಅಡುಗೆಮನೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಅವರು ಮಾಂಸಾಹಾರಿಗಳೆಂಬುದು ನಿಜ. ಆ ಕಾರಣದಿಂದ ಅವರ ಆಹಾರಶಿಸ್ತನ್ನು ಗಮನಿಸದಿರುವುದು ಜಾಣತನವಲ್ಲ. ಹಾಲನ್ನೂ ಮಾಂಸವನ್ನೂ ಅವರು ಕೂಡಿಸರು. ಅವೆರಡಕ್ಕೆ ಪಾತ್ರೆಗಳೂ ಬೇರೆ. ಕೊಚ್ಚಿಯಲ್ಲಿ ತೆಂಗಿನಹಾಲು ಈ ನಿಯಮಕ್ಕೆ ಒದಗಿಬಂತು. ಅದು ಹೆಸರಿಗೆ ಹಾಲಾದರೂ ಪಶುವಿನದಲ್ಲವಾದ್ದರಿಂದ ಯಾವ ಅಡುಗೆಗೂ ಅಡ್ಡಿಯಾಗಲಿಲ್ಲ. ಹುಳುಹುಪ್ಪಟೆಗಳು ಅವರ ಶಾಸ್ತ್ರದಲ್ಲಿ ನಿಷಿದ್ಧವಾದ್ದರಿಂದ ಧಾನ್ಯವನ್ನೂ ಸೊಪ್ಪನ್ನೂ ಬೆಳಕಿಗೆ ಹಿಡಿದು ಆರಿಸಿಯೇ ಬೇಯಿಸಬೇಕು. ಪಸ್ಕ ಹಬ್ಬಕ್ಕಂತೂ ತಿಂಗಳುಗಳ ಮೊದಲೇ ಸಿದ್ಧತೆ ತೊಡಗಿ, ಮನೆಯ ಮೂಲೆಮೂಲೆಯನ್ನು ಶುದ್ಧಗೊಳಿಸಿ, ಅಕ್ಕಿಯನ್ನು ಕಾಳುಕಾಳಾಗಿ ನೋಡಿ ಪ್ರತ್ಯೇಕವಾಗಿ ತೆಗೆದಿಡುತ್ತಿದ್ದರು. ನಮ್ಮ ಮನೆಗಳಲ್ಲಿ ಮೊರ ಹಿಡಿದು ಕುಳಿತ ಹಿರಿಯರನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ಅವರದು ದೇವರ ಆಜ್ಞೆಯೆಂಬ ಭಾವ, ನಮ್ಮದು ಜೀವದಯೆ. ಕಾರಣ ಬೇರೆಯಾದರೂ ಕೈಯ ಎಚ್ಚರ ಒಂದೇ ತೆರನಾದುದು.

ಕೊಂಕಣಿಗರ ಅಡುಗೆ ಮಂಗಳೂರು, ಮೂಡುಬಿದಿರೆ, ಕಾರ್ಕಳದ ಓದುಗರಿಗೆ ಗೊತ್ತಿರುವುದೇ. ತಿರುಮಲ ದೇವಾಲಯದ ಸುತ್ತಿನ ಕೇರಿಯಲ್ಲಿ ದಾಳಿತೋವೆಯ ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೆ ಊರಿಗೆ ಹಿಂದಿರುಗಿದಂತೆ ತೋರುತ್ತದೆ. ಮೇಮನ್ನರ ಬಿರಿಯಾನಿಯ ಕೀರ್ತಿ ದೊಡ್ಡದು. ಈ ಪತ್ರಿಕೆಯ ವಾಚಕರಿಗೆ ಅದರ ವರ್ಣನೆ ಬೇಡ.

ಊಟದಲ್ಲಿ ಇಷ್ಟು ದೂರವಿದ್ದವರು ವ್ಯವಹಾರದಲ್ಲಿ ದೂರವಿರಲಿಲ್ಲ. 18ನೆಯ ಶತಮಾನದಲ್ಲಿ ಡಚ್ ಕಂಪನಿಯ ಪ್ರಧಾನ ವರ್ತಕನಾಗಿದ್ದ ಎಜೆಕಿಯೆಲ್ ರಹಬಿ ಎಂಬ ಯಹೂದಿ, ಕಂಪನಿಯ ಪರವಾಗಿ ಮಲಬಾರಿನ ಅರಸರೊಡನೆ ಮಾತುಕತೆ ನಡೆಸುತ್ತಿದ್ದವನು. ಪ್ರಾರ್ಥನಾಮಂದಿರದ ಗಡಿಯಾರ ಗೋಪುರ ಅವನ ಕಾಲದ್ದು. ಅದರ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳ ಅಂಕಿಗಳನ್ನು ಬೇರೆ ಬೇರೆಯಾಗಿ ಬರೆಸಲಾಗಿದೆ. ಬೀದಿಯಲ್ಲಿ ನಡೆಯುವವನು ತನ್ನ ಲಿಪಿಯಲ್ಲಿ ವೇಳೆ ತಿಳಿದುಕೊಳ್ಳಲಿ ಎಂಬ ಈ ಸೌಜನ್ಯ ವರ್ತಕನ ಬುದ್ಧಿಗೆ ಸಹಜವಾದುದು. ತನ್ನ ಮನೆಯಲ್ಲಿ ಉಣ್ಣದವನ ಮಾತನ್ನು ನಂಬಿ ಮಾಲು ಕೊಡಬಹುದು, ತಾನು ಉಣ್ಣದ ಮನೆಯವನ ಬಾಕಿಯನ್ನು ಕಾಸು ಬಿಡದೆ ತೀರಿಸಬಹುದು. ಪಂಕ್ತಿ ಬೇರೆಯಾದ ಮಾತ್ರಕ್ಕೆ ತೂಕ ಬೇರೆಯಾಗಬೇಕಿಲ್ಲ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ; ಅದನ್ನು ಮರೆಮಾಚಿದರೆ ಇತಿಹಾಸಕ್ಕೆ ಅನ್ಯಾಯ. ಶುದ್ಧಿಯ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಪರದೇಶಿ ಯಹೂದಿಗಳು, ದಾಸ್ಯದಿಂದ ಬಿಡುಗಡೆ ಹೊಂದಿ ತಮ್ಮದೇ ಮತದಲ್ಲಿದ್ದವರ ಸಂತತಿಯನ್ನು ಮಂದಿರದಲ್ಲಿ ಸಮಾನವಾಗಿ ಕೂರಗೊಡಲಿಲ್ಲ. ಆ ಸಂತತಿಯಲ್ಲೇ ಹುಟ್ಟಿದ ವಕೀಲ ಎ. ಬಿ. ಸೇಲಂ (1882-1967) ಗಾಂಧೀಜಿಯವರ ದಾರಿಯನ್ನು ಹಿಡಿದು ಅದೇ ಮಂದಿರದಲ್ಲಿ ಸತ್ಯಾಗ್ರಹ ನಡೆಸಬೇಕಾಯಿತು. ಕಟ್ಟು ಸಡಿಲಿದ್ದು ಮೆಲ್ಲಮೆಲ್ಲಗೆ. 'ಇದನ್ನು ನಾನು ಉಣ್ಣೆನು' ಎಂಬುದು ವ್ರತ. 'ನೀನು ಇಲ್ಲಿ ಕೂರಬೇಡ' ಎಂಬುದು ಮಾನಕಷಾಯ. ರಾತ್ರಿಭುಕ್ತಿವಿರತಿಯನ್ನು ಶ್ರಾವಕನ ಆರನೆಯ ಪ್ರತಿಮೆಯಾಗಿ ಹೇಳಿದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೇ ಕುಲ, ಜಾತಿ ಮೊದಲಾದ ಎಂಟು ಮದಗಳ ನಿಷೇಧವೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವವರು ನಮ್ಮಲ್ಲಿಯೂ ಇದ್ದಾರೆ.

ಸಮುದಾಯದೊಡನೆ ಅಡುಗೆಮನೆಯೂ ಹೋಗುತ್ತದೆಂಬುದಕ್ಕೂ ಈ ಪೇಟೆಯೇ ಸಾಕ್ಷಿ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಅಲ್ಲಿಗೆ ತೆರಳಿದರು. ಉಳಿದವರೂ ಕ್ರಮೇಣ ಕರಗಿಹೋದರು. ಯಹೂದಿ ಬೀದಿಯ ಮನೆಗಳು ಈಗ ಹಳೆಯ ವಸ್ತುಗಳ ಅಂಗಡಿಗಳು. ಮಂದಿರವನ್ನು ನೋಡಲು ದಿನವೂ ಜನ ಬರುತ್ತಾರೆ, ಆದರೆ ಶುಕ್ರವಾರ ಸಂಜೆಯ ಆ ಒಲೆಯನ್ನು ಹೂಡುವ ಮನೆಯನ್ನು ಹುಡುಕಬೇಕು. ಕಟ್ಟಡವನ್ನು ಸರಕಾರವೂ ಪ್ರವಾಸಿಗಳೂ ಉಳಿಸಬಲ್ಲರು. ಅಡುಗೆಯ ಶಿಸ್ತನ್ನು ಉಳಿಸುವುದು ಅವರಿಂದಾಗದು. ಶಿಖರಕ್ಕೂ ಅಮೃತಶಿಲೆಗೂ ಧಾರಾಳವಾಗಿ ದಾನ ನೀಡುವ ನಮ್ಮ ದೇವಾಲಯ ಟ್ರಸ್ಟುಗಳು ಭೋಜನಶಾಲೆಯ ಲೆಕ್ಕ ಬಂದಾಗ ಕೈ ಬಿಗಿಹಿಡಿಯುವುದನ್ನು ಇಲ್ಲಿ ನೆನೆಯದಿರಲಾಗದು.

ಇನ್ನು ಪ್ರವಾಸಿ ಶ್ರಾವಕನ ಊಟ. ಕೊಚ್ಚಿಯಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ 6 ಗಂಟೆಯ ಆಸುಪಾಸಿಗೆ, ಜುಲೈಯಲ್ಲಿ 6 ಗಂಟೆ 50 ನಿಮಿಷದ ಸುಮಾರಿಗೆ. ಹೋಟೆಲುಗಳ ರಾತ್ರಿಯೂಟಕ್ಕೆ ಕಾದರೆ ನಿಯಮ ತಪ್ಪಿದಂತೆಯೇ. 'ಶುದ್ಧ ಸಸ್ಯಾಹಾರಿ' ಎಂಬ ಹಲಗೆಯನ್ನು ಕಂಡು ನಿಶ್ಚಿಂತರಾಗುವುದೂ ತರವಲ್ಲ: ಅವಿಯಲ್‌ನಲ್ಲಿ ಸುವರ್ಣಗಡ್ಡೆ ಬೀಳುತ್ತದೆ, ಸಾಂಬಾರಿನಲ್ಲಿ ಸಣ್ಣ ಈರುಳ್ಳಿ, ಚಟ್ನಿಯಲ್ಲೂ ಅದೇ. ಪುಟ್ಟು ಮತ್ತು ಮಾಗಿದ ಬಾಳೆಹಣ್ಣು, ಇಡಿಯಪ್ಪದೊಡನೆ ಸಕ್ಕರೆ ಬೆರೆಸಿದ ತೆಂಗಿನಹಾಲು, ಇವುಗಳಲ್ಲಿ ಗಡ್ಡೆಗೆಣಸಿನ ಭಯವಿಲ್ಲ. ಹೆಂಗಸರು ಮಕ್ಕಳೊಡನೆ ಹೋಗುವವರು ಊರಿನಿಂದ ಖಾಖರಾ, ಅವಲಕ್ಕಿ ಕಟ್ಟಿಕೊಂಡರೆ ಇನ್ನೂ ಒಳಿತು. ಉಳಿದವರು ಮಧ್ಯಾಹ್ನದೊಳಗಾಗಿ ಗುಜರಾತಿ ರಸ್ತೆಗೆ ಹೋಗಿ, ಧರ್ಮನಾಥ ಸ್ವಾಮಿಯ ದರ್ಶನ ಪಡೆದು, ಸಂಜೆಯ ಊಟದ ಅನುಕೂಲವನ್ನು ದೇವಾಲಯದವರಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಲೇಸು. ಆ ಅಂಗಳದಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಪದ್ಧತಿಯಿದೆ, ಮಕ್ಕಳಿಗೆ ತೋರಿಸಬೇಕಾದದ್ದು. ಅವು ತಿನ್ನುವುದೂ ಹಗಲಿನಲ್ಲಿಯೇ.